ತೊತ್ತೋರಿಯ ಮರಳಲ್ಲಿ ಅಕ್ಕನ ಕೈ ಬಿಟ್ಟದ್ದು

ಹಮಾಮತ್ಸು

ಜಪಾನಿಗೆ ಬರುವ ನಮ್ಮವರು ಫ್ಯೂಜಿ ಪರ್ವತ ನೋಡುತ್ತಾರೆ, ಚೆರ್ರಿ ಹೂವು ನೋಡುತ್ತಾರೆ, ಬುಲೆಟ್ ಟ್ರೈನಿನ ಮೂತಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಅಕ್ಕ ಬಂದದ್ದು ಜೈಸಲ್ಮೇರ್ ನೋಡುವುದಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕ ನಾಗರತ್ನ ಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ ಆಗಿದ್ದವಳು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ಅವಳ ಜೊತೆ ಮಾರ್ಕೆಟ್ಟಿಗೆ ಹೋದವರು ಯಾರೂ ಅವಳ ಜೊತೆ ನಡೆದದ್ದಿಲ್ಲ, ಹಿಂದೆ ಓಡಿದ್ದೇ ಎಲ್ಲ. ನಿವೃತ್ತಳಾದ ಮೇಲೆ ಗೊತ್ತಾಯಿತು, ಅವಳಿಗೆ ಗ್ಲಾಕೋಮಾ. ನೋವಿಲ್ಲದೆ, ಸದ್ದಿಲ್ಲದೆ ಅದು ಕಣ್ಣಿನ ಎರಡು ಪಕ್ಕದ ನೋಟವನ್ನೂ ತಿಂದುಬಿಟ್ಟಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿಕೊಂಡು ಉಳಿಸಿಕೊಳ್ಳಿ ಎಂದರು ಡಾಕ್ಟರು. ಎಷ್ಟು ಕಾಣುತ್ತದೆ ಎಂದು ಕೇಳಿದವರಿಗೆಲ್ಲ ಅಕ್ಕ ಒಂದೇ ಉತ್ತರ ಕೊಡುತ್ತಾಳೆ. ಒಂದು ಬಳೆಯನ್ನು ಕೈ ಚಾಚಿ ಹಿಡಿಯಿರಿ, ಅದರೊಳಗೆ ಎಷ್ಟು ಕಾಣುತ್ತದೋ ಅಷ್ಟು ನನ್ನದು.

ಹೋದ ಚಳಿಗಾಲಕ್ಕೆ ಜೈಸಲ್ಮೇರ್ ಪ್ರವಾಸ ನಿಗದಿಯಾಗಿತ್ತು. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಹಳೆಯ ಸಾಹುಕಾರರ ಹವೇಲಿಗಳು, ಮಾರನೆಯ ದಿನ ಊರಾಚೆಯ ಮರಳುದಿಬ್ಬಗಳಿಗೆ ಹೋಗಿ ಒಂಟೆ ಹತ್ತುವುದು. ಅಕ್ಕ ಟಿ.ವಿ.ಗೆ ಮೂಗು ತಾಗಿಸಿ ಕುಳಿತು ಯೂಟ್ಯೂಬಿನಲ್ಲಿ ಆ ಊರಿನ ಗಲ್ಲಿಗಲ್ಲಿಯನ್ನೂ ಬಾಯಿಪಾಠ ಮಾಡಿದ್ದಳು. ಜೈಸಲ್ಮೇರೇ ಯಾಕೆ ಎಂದು ನಾನು ಫೋನಿನಲ್ಲಿ ಕೇಳಿದೆ.

"ಮರಳಲ್ಲಿ ಡಿಕ್ಕಿ ಹೊಡೆಯೋಕೆ ಏನೂ ಇರಲ್ಲ ವಸೂ. ಒಂದೇ ಒಂದ್ಸಲ ಯಾರ ಕೈನೂ ಹಿಡ್ಕೊಳ್ದೆ ನಡೀಬೇಕು. ಬಳೆ ಇರೋವಾಗಲೇ," ಎಂದಳು.

ಹೊರಡುವ ಮುಂಚೆ ದೇವರಾಜ ಮಾರ್ಕೆಟ್ಟಿನ ಹತ್ತಿರ, ಬಳೆಯ ಆಚೆಯಿಂದ ಒಂದು ಸ್ಕೂಟರು ಬಂತು. ಅಕ್ಕನ ಮಣಿಕಟ್ಟು ಮುರಿಯಿತು. ಕೋಟೆಯ ಸಂದಿಗೊಂದಿ, ಹಸು, ಸ್ಕೂಟರು, ಸವೆದ ಮೆಟ್ಟಿಲು ಎಲ್ಲವನ್ನೂ ನೆನೆದು ಮನೆಮಂದಿಯೆಲ್ಲ ಸೇರಿ ಟಿಕೆಟ್ ರದ್ದು ಮಾಡಿದೆವು. ಅಕ್ಕ ಜಗಳವಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ನಾನು ಹಮಾಮತ್ಸುವಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಾರಿನ ಎದುರಿಗೆ ಏನಾದರೂ ಅಡ್ಡ ಬಂದರೆ ಬೀಪ್ ಬೀಪ್ ಎಂದು ಕೂಗುತ್ತದಲ್ಲ, ಅದು ಸರಿಯಾದ ಹೊತ್ತಿಗೆ ಕೂಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಮಣಿಕಟ್ಟು ಕೂಡಿಕೊಂಡ ಮೇಲೆ ಅಕ್ಕನನ್ನು ನನ್ನಲ್ಲಿಗೆ ಕರೆಸಿಕೊಂಡೆ. ಈ ಊರಿನ ಕಡಲಂಚಿನಲ್ಲೇ ಒಂದು ಮರಳುದಿಬ್ಬವಿದೆ. ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದೆ. ಅಕ್ಕ ಶೂ ಕಳಚಿ, ಮರಳನ್ನು ಕಾಲಿನಿಂದ ಒತ್ತಿ ನೋಡಿ, ಇದು ಟ್ರೈಲರ್ರು, ಪಿಕ್ಚರ್ ಎಲ್ಲಿದೆ ಎಂದು ಕೇಳಿದಳು. ಪಿಕ್ಚರ್ ತೊತ್ತೋರಿಯಲ್ಲಿತ್ತು. ದೇಶದ ಆಚೆ ಮಗ್ಗುಲಿನ ಕಡಲ ತೀರದಲ್ಲಿ, ಹಳೆಯ ಕೋಟೆಯ ಊರಿನ ಪಕ್ಕದಲ್ಲಿ, ಜಪಾನೀಯರು ಹೆಮ್ಮೆಯಿಂದ ತೋರಿಸುವ ಮರಳುಗಾಡು. ಅಲ್ಲಿ ಒಂಟೆಯೂ ಇದೆ ಎಂದೆ. ಅಕ್ಕ ಆಗಲೇ ಬ್ಯಾಗಿಗೆ ಬಟ್ಟೆ ತುಂಬತೊಡಗಿದ್ದಳು.

ಹಿಮೇಜಿ ಸ್ಟೇಷನ್

ಜಪಾನಿನ ಸ್ಟೇಷನ್ನುಗಳಲ್ಲಿ ನೆಲದ ಮೇಲೆ ಹಳದಿ ಪಟ್ಟಿಗಳಿವೆ. ಉಬ್ಬುಗೆರೆಗಳ ಹಲಗೆ ಜೋಡಿಸಿ ಮಾಡಿದ್ದು, ಕಣ್ಣು ಕಾಣದವರು ಕಾಲಿನಿಂದ ತಡವಿ ನಡೆಯಲಿ ಎಂದು. ಇಷ್ಟು ವರ್ಷ ನಾನು ಅವುಗಳ ಮೇಲೆ ಸೂಟ್‌ಕೇಸು ಗಡಗಡ ಎನ್ನಿಸಿಕೊಂಡು ಓಡಾಡಿದ್ದೇನೆ ಅಷ್ಟೇ. ಅಕ್ಕ ಅವುಗಳನ್ನು ಕಂಡುಕೊಂಡದ್ದೇ ತಡ, ನನ್ನ ಕೈ ಕೊಸರಿಕೊಂಡಳು. ಅವಳ ಬಳೆಯೊಳಗೆ ಆ ಹಳದಿ ಚೆನ್ನಾಗಿ ಕಾಣುತ್ತಿತ್ತು. ಹಳದಿ ಹಿಡಿದುಕೊಂಡು ಹೊರಟರೆ ಟೋಕಿಯೋವರೆಗೂ ಹೋಗಬಹುದು ಎಂದು ಕ್ಯಾನ್ವಾಸ್ ಶೂ ಉಜ್ಜುತ್ತಾ ನಡೆದಳು. ಹಿಂದೆ ನಾನು, ಕಂಬ, ಬೆಂಚು, ಜನ, ಎಡಕ್ಕೆ, ಬಲಕ್ಕೆ ಎಂದು ಕೂಗುತ್ತಾ.

ಹಳದಿ ಪಟ್ಟಿ ಅವಳನ್ನು ನೇರವಾಗಿ ಶೌಚಾಲಯದ ಬಾಗಿಲಿಗೆ ತಲುಪಿಸಿತು. ಗೋಡೆಯೊಳಗಿಂದ ಹೆಣ್ಣು ದನಿಯೊಂದು ಗಂಡಸರದ್ದು ಯಾವ ಕಡೆ, ಹೆಂಗಸರದ್ದು ಯಾವ ಕಡೆ ಎಂದು ಬಹಳ ವಿನಯದಿಂದ ವಿವರಿಸಿತು. ಅಕ್ಕ ಆ ಗೋಡೆಗೆ ಅರಿಗಾತೋ ಎಂದು ಧನ್ಯವಾದ ಹೇಳಿ ಒಳಗೆ ಹೋಗಿಯೇಬಿಟ್ಟಳು. ಅಷ್ಟು ಮರ್ಯಾದೆಯಿಂದ ಕರೆದರೆ ಹೋಗದೆ ಇರುವುದು ಹೇಗೆ ಎಂಬುದು ಅವಳ ವಾದ. ತೊತ್ತೋರಿಯ ರೈಲನ್ನು ಕೂದಲೆಳೆಯಷ್ಟು ಅಂತರದಲ್ಲಿ ಹಿಡಿದೆವು.

ಆ ರೈಲು ಬೆಟ್ಟಗಳ ನಡುವೆ ಹಾದುಹೋಗುತ್ತದೆ. ಸುರಂಗ, ಹಸಿರು, ಸುರಂಗ, ಒಂದು ಹೊಳೆ, ಹೊಳೆಯ ನಡುವೆ ಸೊಂಟಮಟ್ಟದ ನೀರಿನಲ್ಲಿ ಗಾಳ ಹಿಡಿದು ನಿಂತವನೊಬ್ಬ, ಮತ್ತೆ ಸುರಂಗ. ಭತ್ತದ ಗದ್ದೆಗಳು ಹಣ್ಣಾಗುತ್ತಿದ್ದವು. ಕಿಟಕಿಗೆ ತಲೆಯಾನಿಸಿ ನಾನು ತೂಕಡಿಸಿದೆ. ಎಚ್ಚರವಾದಾಗಲೆಲ್ಲ ಅಕ್ಕ ಹಾಗೇ ಕೂತಿದ್ದಳು, ಕಿಟಕಿಯೊಳಗೆ ತನ್ನದೊಂದು ಪುಟ್ಟ ಕಿಟಕಿ ಇಟ್ಟುಕೊಂಡು.

ಕೋಟೆ

ತೊತ್ತೋರಿಯ ಕೋಟೆಯಲ್ಲಿ ಕೋಟೆ ಇಲ್ಲ. ಹಳೆಯ ಕಟ್ಟಡಗಳೆಲ್ಲ ಎಂದೋ ಹೋಗಿವೆ. ಬೆಟ್ಟದ ಮಗ್ಗುಲಿಗೆ ಅಂತಸ್ತು ಅಂತಸ್ತಾಗಿ ಕಲ್ಲಿನ ಗೋಡೆಗಳು ನಿಂತಿವೆ, ಸಂದುಗಳಲ್ಲಿ ಪಾಚಿ, ಜರಿಗಿಡ. ಕೆಳಗೆ ಕಂದಕದ ನೀರು ನಿದ್ದೆ ಹೋದ ಹಾಗಿದೆ. ಅಕ್ಕನಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ಕಲ್ಲುಗಳ ಮೇಲೆ ಇಳಿಬಿಸಿಲು ಬಿದ್ದಾಗ ಅವು ಹಳದಿ ತಿರುಗಿದವು. ಜೈಸಲ್ಮೇರಿನದೂ ಇದೇ ಬಣ್ಣ ಎಂದು ಅವಳು ತೀರ್ಮಾನಿಸಿದಳು. ಇಲ್ಲಿ ತೋರಣದ ಬಾಗಿಲು, ಅಲ್ಲಿ ರಾಜರು ಕೂತು ನೋಡುವ ಜರೋಕ ಎಂದು ಖಾಲಿ ಜಾಗಗಳನ್ನು ತೋರಿಸುತ್ತಾ ಹೋದಳು. ನಾನೂ ನೋಡುತ್ತಾ ಹೋದೆ. ಸ್ವಲ್ಪ ಹೊತ್ತಿನ ಮೇಲೆ ನಿಜವಾಗಿಯೂ ಏನೇನೋ ಕಂಡ ಹಾಗಾಯಿತು. ಇಬ್ಬರೂ ನೋಡದ ಒಂದು ಊರನ್ನು ಇನ್ನೊಂದು ಊರಿನ ಮೇಲೆ ಹೊದಿಸಿಕೊಂಡು ನಡೆಯುತ್ತಿದ್ದೆವು.

ಒಂದು ಮೂಲೆಯಲ್ಲಿ ವಿಚಿತ್ರವಾದ ಗೋಡೆಯಿದೆ, ಚೆಂಡನ್ನು ಅರ್ಧ ಹೂತಿಟ್ಟ ಹಾಗೆ ದುಂಡಗಿದೆ. ಹಿಂದಿನ ಗೋಡೆ ಉಬ್ಬಿ ಬೀಳುವ ಹಾಗಾಗಿತ್ತಂತೆ. ಅದು ಬೀಳದಿರಲಿ ಎಂದು ಮುಂದೆ ಈ ಕಲ್ಲಿನ ಹೊಟ್ಟೆಯನ್ನು ಒತ್ತುಕೊಟ್ಟು ಕಟ್ಟಿದ್ದಾರೆ. ಫಲಕದಲ್ಲಿದ್ದುದನ್ನು ಓದಿ ಹೇಳಿದೆ. ಅಕ್ಕ ಆ ಹೊಟ್ಟೆಯನ್ನು ಸವರಿ, ಇದು ನೀನೇ ಕಣೇ ಎಂದು ನಕ್ಕಳು.

ನಾನು ನಗಲಿಲ್ಲ. ಇಳಿಯುವಾಗ ಮೆಟ್ಟಿಲುಗಳು ಒಂದರ ಹಾಗೆ ಇನ್ನೊಂದಿರಲಿಲ್ಲ. ಅವಳ ತೋಳನ್ನು ಭದ್ರವಾಗಿ ಹಿಡಿದು, ಮೆಟ್ಟಿಲು, ಇನ್ನೊಂದು ಮೆಟ್ಟಿಲು, ದೊಡ್ಡದು, ಜಾರತ್ತೆ ಎಂದು ಪ್ರತಿ ಹೆಜ್ಜೆಗೂ ಹೇಳುತ್ತಿದ್ದೆ. ಅರ್ಧ ದಾರಿಯಲ್ಲಿ ಅಕ್ಕ ನಿಂತುಬಿಟ್ಟಳು.

"ನಿನ್ನ ಕಾರಿನ ಥರ ಬೀಪ್ ಬೀಪ್ ಅನ್ಬೇಡ್ವೇ. ನೀನು ಹೀಗೆ ಹಿಡ್ಕೊಂಡ್ರೆ ನಾನು ಊರು ನೋಡಲ್ಲ, ನಿನ್ನ ಕೈನೇ ನೋಡ್ತಾ ಇರ್ತೀನಿ."

ಬಿದ್ದರೆ ಯಾರು ನೋಡಿಕೊಳ್ಳುವುದು ಎಂದು ನಾನೂ ದನಿಯೇರಿಸಿದೆ. ಹತ್ತಿ ಬರುತ್ತಿದ್ದ ಮುದುಕ ದಂಪತಿ ನಮ್ಮ ಜಗಳಕ್ಕೆ ತಾವೇ ಕಾರಣರೇನೋ ಎಂಬಂತೆ ಸುಮಿಮಾಸೆನ್, ಕ್ಷಮಿಸಿ ಎಂದು ಬಗ್ಗಿ ಪಕ್ಕಕ್ಕೆ ಸರಿದರು. ಉಳಿದ ಮೆಟ್ಟಿಲುಗಳನ್ನು ಬೀಪ್ ಇಲ್ಲದೆ ಇಳಿದೆವು. ತೋಳು ಮಾತ್ರ ನಾನು ಬಿಡಲಿಲ್ಲ.

ಹವೇಲಿ, ಮತ್ತು ಒಂಟೆಯ ರಜೆ

ಮಾರನೆಯ ದಿನ ಮರಳಿನ ಶಿಲ್ಪಗಳ ಸಂಗ್ರಹಾಲಯಕ್ಕೆ ಹೋದೆವು. ಆಳೆತ್ತರಕ್ಕೂ ಮಿಗಿಲಾದ ಅರಮನೆಗಳು, ಬೀದಿಗಳು, ಕುದುರೆಗಳು, ಗಡ್ಡದ ಮಹಾರಾಜರು, ಎಲ್ಲವೂ ಬರೀ ಮರಳು. ಒಂದು ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಕೆಡವಿ ಅದೇ ಮರಳಿನಿಂದ ಬೇರೆ ದೇಶ ಕಟ್ಟುತ್ತಾರೆ. ದೀಪಗಳು ಮಂದವಾಗಿದ್ದವು. ಜನ ಪಿಸುಗುಡುತ್ತಾ ನಡೆಯುತ್ತಿದ್ದರು, ಜೋರಾಗಿ ಮಾತಾಡಿದರೆ ಊರೇ ಉದುರೀತು ಎಂಬಂತೆ.

ಅಕ್ಕನ ಬಳೆಗೆ ಅರಮನೆ ಹಿಡಿಸಲಿಲ್ಲ. ಒಂದು ಕಿಟಕಿ ಕಂಡರೆ ಬಾಗಿಲು ಹೋಗುತ್ತಿತ್ತು, ಬಾಗಿಲು ಕಂಡರೆ ಗೋಪುರ. ಹಾಗಾಗಿ ಅವಳು ಕೈಯಲ್ಲಿ ನೋಡಲು ಹೊರಟಳು. ಹಗ್ಗದ ಮೇಲಿಂದ ತೋಳು ಚಾಚಿದಳು. ಕಾವಲಿನ ಹುಡುಗಿ ಎಲ್ಲಿದ್ದಳೋ, ಓಡಿ ಬಂದು ಬಗ್ಗಿ ಬಗ್ಗಿ ಬೇಡ ಎಂದಳು. ನಾನು ಅವಳಿಗಿಂತ ಹೆಚ್ಚು ಬಗ್ಗಿ ಅಕ್ಕನ ಕಣ್ಣಿನ ವಿಷಯ ಹೇಳಿದೆ. ಹುಡುಗಿ ಒಳಗೆ ಹೋಗಿ, ಕೆತ್ತುವಾಗ ಉಳಿದ ಮರಳಿನ ಹೆಂಟೆಯೊಂದನ್ನು ಬಿಳಿ ಬಟ್ಟೆಯ ಮೇಲಿಟ್ಟು ಎರಡೂ ಕೈಗಳಿಂದ ಹಿಡಿದು ತಂದಳು. ಅಂಟು ಗಿಂಟು ಇಲ್ಲವಂತೆ, ನೀರು ಮತ್ತು ಒತ್ತುವಿಕೆ ಅಷ್ಟೇ. ಅಕ್ಕ ಅದನ್ನು ಮೃದುವಾಗಿ ತಡವಿ, ತಂಬಿಟ್ಟು ಕಟ್ಟಿದ ಹಾಗಿದೆ ಎಂದಳು. ಮರುಗಳಿಗೆ ಅದರ ಒಂದು ಮೂಲೆ ಮುರಿದು ಅವಳ ಅಂಗೈಯಲ್ಲೇ ಪುಡಿಯಾಯಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಸದ್ಯ.

ಸಂಜೆ ಒಂಟೆಗೆಂದು ದಿಬ್ಬಗಳ ಬಳಿಗೆ ಹೋದರೆ ಬೇಲಿಯ ಮುಂದೆ ಫಲಕ ನೇತಾಡುತ್ತಿತ್ತು. ಸೆಕೆ ಹೆಚ್ಚಾದ್ದರಿಂದ ಒಂಟೆಗಳಿಗೆ ಇವತ್ತು ರಜೆ, ತೊಂದರೆಗೆ ಕ್ಷಮಿಸಿ. ನೆರಳಿನಲ್ಲಿ ಒಂಟೆ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ನನ್ನ ಆಫೀಸಿನಲ್ಲಿ ಜ್ವರ ಬಂದರೂ ರಜೆ ಹಾಕಲು ಮುಜುಗರ ಪಡುವವರಿದ್ದಾರೆ. ಅಂಥ ದೇಶದಲ್ಲಿ ಸೆಕೆಯಾಯಿತೆಂದು ರಜೆ ಹಾಕಿದ ಒಂಟೆಯ ಬಗ್ಗೆ ನನಗೆ ಗೌರವ ಹುಟ್ಟಿತು. ಅಕ್ಕ ಮಾತ್ರ ಒಂಟೆಯ ಕಡೆ ನೋಡುತ್ತಿರಲಿಲ್ಲ. ಆಚೆಗೆ, ಬಿಸಿಲಿನಲ್ಲಿ ಅಲುಗುವಂತಿದ್ದ ಮರಳಿನ ಕಡೆ ಮುಖ ಮಾಡಿ ನಿಂತಿದ್ದಳು. ಕಾಲು ಸುಡುತ್ತದೆ, ನಾಳೆ ಬೆಳಿಗ್ಗೆ ತಂಪಿನಲ್ಲಿ ಬರೋಣ ಎಂದೆ.

ಗರಿಕೆ

ಮಾರನೆಯ ದಿನ ಗಣೇಶನ ಹಬ್ಬ. ಅಕ್ಕ ಬ್ಯಾಗಿನಲ್ಲಿ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಗಣಪನನ್ನು ತಂದಿದ್ದಳು. ಮೋದಕದ ಬದಲಿಗೆ ಹೋಟೆಲಿನ ಎದುರಿನ ಕೊಂಬಿನಿ ಅಂಗಡಿಯಿಂದ ಸಿಹಿಕಾಳಿನ ಹೂರಣ ತುಂಬಿದ ಉಂಡೆ ತಂದಿಟ್ಟಿದ್ದೆ. ಎಲ್ಲ ಇದೆ, ಗರಿಕೆ ಇಲ್ಲ. ಗರಿಕೆ ಇಲ್ಲದ ಮೇಲೆ ಎಂಥ ಹಬ್ಬ ಎಂದು ಅಕ್ಕ ಬೆಳಗಾಗುವ ಮುಂಚಿನಿಂದ ಗೊಣಗುತ್ತಿದ್ದಳು.

ದಿಬ್ಬಗಳ ಮೇಲೆ ಇನ್ನೂ ಮಂಜಿತ್ತು. ಎದುರಿಗೆ ದೊಡ್ಡ ಬಯಲು, ಅದರಾಚೆ ಅಡ್ಡಕ್ಕೆ ಮಲಗಿದ ಎತ್ತರದ ಮರಳಿನ ಏಣು. ಇಲ್ಲಿನವರು ಅದನ್ನು ಕುದುರೆಯ ಬೆನ್ನು ಎಂದು ಕರೆಯುತ್ತಾರೆ. ಬೆನ್ನಿನ ಆಚೆ ಕಡಲಿದೆ, ಕಾಣುವುದಿಲ್ಲ, ಕೇಳಿಸುತ್ತದೆ. ಮರಳಿನ ಮೇಲೆ ಗಾಳಿ ಸಣ್ಣ ಸಣ್ಣ ನಿರಿಗೆ ಹಿಡಿದಿತ್ತು. ಪ್ರವೇಶದ ಬಳಿಯಿದ್ದ ಫಲಕವನ್ನು ನಾನೇ ಜೋರಾಗಿ ಓದಿ ಹೇಳಿದೆ. ಮರಳನ್ನು ಒಯ್ಯಬಾರದು, ಮರಳ ಮೇಲೆ ಬರೆಯಬಾರದು, ಗಿಡ ಕೀಳಬಾರದು.

ಅಕ್ಕ ಶೂ ಬಿಚ್ಚಲು ಮರಳಿನ ಮೇಲೆ ಕೂತವಳು, ಊರಿದ ಕೈಯನ್ನು ಎತ್ತದೆ ಹಾಗೇ ಇದ್ದಳು. ಅವಳ ಬೆರಳುಗಳ ನಡುವೆ ಹುಲ್ಲಿತ್ತು. ಗರಿಕೆ ಎಂದು ಪಿಸುಗುಟ್ಟಿದಳು. ಬಗ್ಗಿ ನೋಡಿದೆ. ಗರಿಕೆಯಲ್ಲ, ಗರಿಕೆಯ ದಾಯಾದಿ. ಆದರೆ ಪರದೇಶದಲ್ಲಿ ಗಣಪ ಅಷ್ಟೆಲ್ಲ ನೋಡುವುದಿಲ್ಲ. ಈ ದೇಶಕ್ಕೆ ಬಂದ ಮೇಲೆ ಕೆಂಪು ದೀಪವಿದ್ದಾಗ ಖಾಲಿ ರಸ್ತೆಯನ್ನೂ ದಾಟದ ನಾನು, ಸುತ್ತ ಒಮ್ಮೆ ನೋಡಿ, ಕುಕ್ಕರುಗಾಲಿನಲ್ಲಿ ಕೂತು ಎಸಳು ಚಿವುಟತೊಡಗಿದೆ.

ಹತ್ತಿರದಲ್ಲಿ ಯಾರೋ ಬಂದ ಸದ್ದಾಯಿತು. ಹಳದಿ ಬಣ್ಣದ ತೋಳಿಲ್ಲದ ಕೋಟು ತೊಟ್ಟ ಮುದುಕರೊಬ್ಬರು ನಿಂತಿದ್ದರು. ನನಗೆ ಗೊತ್ತಿದ್ದ ಕ್ಷಮಾಪಣೆಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ನನ್ನ ಮುಷ್ಟಿಯಲ್ಲಿದ್ದ ಹುಲ್ಲನ್ನು ನೋಡಿ, ನನಗೆ ತಲೆಬಾಗಿ, ಬಹಳ ಉಪಕಾರವಾಯಿತು ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಬೇರು ಸಮೇತ ಕಿತ್ತರೆ ಇನ್ನೂ ಒಳ್ಳೆಯದು ಎಂದರು.

ಅವರ ಹೆಸರು ನಿಶಿಯೋ-ಸಾನ್. ಹುಲ್ಲು ಬೇರುಬಿಟ್ಟರೆ ಮರಳು ಓಡಾಡುವುದಿಲ್ಲ, ಓಡಾಡದ ಮರಳು ಹುಲ್ಲುಗಾವಲಾಗುತ್ತದೆ. ಅದಕ್ಕೇ ಬೇಸಿಗೆಯ ಬೆಳಿಗ್ಗೆಗಳಲ್ಲಿ ಊರಿನವರು ಬಂದು ಕಳೆ ಕೀಳುತ್ತಾರೆ. ಮಂಜು ತೆಳುವಾದಾಗ ಕಂಡರು, ಬಯಲಿನ ಎಡಕ್ಕೆ ಹಳದಿ ಕೋಟುಗಳ ಸಾಲು, ಎಲ್ಲರೂ ಬಗ್ಗಿ ಕೂತವರು. ಅಕ್ಕನಿಗೆ ನಾನು ಹೇಳಿದ್ದು ಪೂರ್ತಿ ನಂಬಿಕೆಯಾಗಲಿಲ್ಲ. ನಮ್ಮಲ್ಲಿ ಏನಾದರೂ ಬೆಳೆಯಲಿ ಎಂದು ಕಳೆ ಕೀಳುತ್ತಾರೆ, ಇವರು ಏನೂ ಬೆಳೆಯದಿರಲಿ ಎಂದು ಕೀಳುತ್ತಾರಾ ಎಂದಳು. ನನಗೆ ತಲಕಾಡು ನೆನಪಾಯಿತು. ಅಲ್ಲಿ ಮರಳಿನಿಂದ ದೇವರನ್ನು ಬಿಡಿಸಿಕೊಳ್ಳಲು ನಾವು ಅಗೆಯುತ್ತೇವೆ. ಇಲ್ಲಿ ಮರಳೇ ದೇವರು.

ನಮಗೂ ಒಂದೊಂದು ಹಳದಿ ಕೋಟು ಕೊಟ್ಟರು. ಅಕ್ಕ ಕೈಗವಸು ಬೇಡವೆಂದಳು. ಮರಳಲ್ಲಿ ಕೂತು ಬೆರಳಿನಿಂದ ಹುಡುಕಿ ಹುಡುಕಿ ಕಿತ್ತಳು. ಅವಳಿಗೆ ಕಣ್ಣು ಬೇಕೇ ಆಗಲಿಲ್ಲ. ಎರಡು ಕಣ್ಣೂ ನೆಟ್ಟಗಿರುವ ನಾನು ಇಲ್ಲಿಯದೇ ಆದ, ಮುಟ್ಟಲೇಬಾರದ ಗಿಡವೊಂದನ್ನು ಬೇರು ಸಮೇತ ಎಬ್ಬಿಸಿದೆ. ನಿಶಿಯೋ-ಸಾನ್ ಅದನ್ನು ಇಸಿದುಕೊಂಡು, ಮತ್ತೆ ನೆಟ್ಟು, ಮಗುವನ್ನು ಮಲಗಿಸುವ ಹಾಗೆ ಸುತ್ತ ತಟ್ಟಿದರು.

ಕೆಲಸದ ನಡುವೆ ಅವರಿಗೆ ಅಕ್ಕನ ಕಣ್ಣಿನ ಬಗ್ಗೆ ಹೇಳಿದೆ, ಅವಳ ಆಸೆಯನ್ನೂ ಹೇಳಿದೆ. ಅವರು ಬೇಡವೆಂದಾರು ಎಂಬ ಆಸೆ ನನ್ನದು. ಅವರು ಕುದುರೆಯ ಬೆನ್ನಿನ ಕಡೆ ಕೈ ತೋರಿಸಿ, ಮಂಜಿನಲ್ಲಿ ನಾವೂ ಕಿವಿಯಲ್ಲೇ ನಡೆಯುವುದು ಎಂದರು. ಮುಂದೆ ಕಡಲು, ಹಿಂದೆ ರಸ್ತೆ. ನಡುವೆ ಎಡವಲು ಏನೂ ಇಲ್ಲ, ಅದಕ್ಕೇ ಅಲ್ಲವೇ ನಾವು ಕಳೆ ಕೀಳುವುದು.

ಅನುವಾದಿಸದೆ ಸುಮ್ಮನಿರಬಹುದಿತ್ತು. ಅನುವಾದಿಸಿದೆ.

ಕುದುರೆಯ ಬೆನ್ನು

"ವಸೂ, ಕೈ ಬಿಡೇ," ಎಂದಳು ಅಕ್ಕ.

ಆಗ ನೋಡಿಕೊಂಡೆ, ಕೂತಲ್ಲೂ ನಾನು ಅವಳ ಸೆರಗಿನ ಅಂಚು ಹಿಡಿದಿದ್ದೆ.

ಆಚೆ ಬದಿ ಕಡಿದಾಗಿದೆ ಎಂದೆ. ಗಾಳಿ ಮುಖಕ್ಕೆ ಹೊಡೆದ ಕೂಡಲೇ ನಿಂತುಬಿಡುತ್ತೇನೆ ಎಂದಳು. ನಾನೂ ಹಿಂದೆ ಬರುತ್ತೇನೆ, ದೂರದಿಂದ ಎಂದೆ. ಅದಕ್ಕೆ ಅವಳು ಪಿ.ಟಿ. ಮೇಡಂ ಆದಳು. ನಿಂತ ಜಾಗ ಬಿಟ್ಟು ಒಂದಡಿ ಕದಲಕೂಡದು, ನಿನ್ನ ಹೆಜ್ಜೆ ಸದ್ದು ನನಗೆ ಗೊತ್ತಾಗುತ್ತದೆ. ಹೂಂ ಎಂದೆ.

ಅಕ್ಕ ಹೊರಟಳು. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಮೊದಲು ಕಾಲನ್ನು ತಡವಿ ತಡವಿ ಇಟ್ಟಳು, ಮೆಟ್ಟಿಲಿರಬಹುದು ಎಂಬಂತೆ. ಆಮೇಲೆ ತಡವುವುದು ನಿಂತಿತು. ಆಮೇಲೆ ಅವಳ ಹಳೆಯ ನಡಿಗೆ ಬಂತು, ಇಷ್ಟು ದಿನ ಎಲ್ಲಿಟ್ಟಿದ್ದಳೋ, ಬೆನ್ನು ನೆಟ್ಟಗೆ, ಖಾಲಿ ಕೈ ಜೋರಾಗಿ ಬೀಸುತ್ತಾ. ನನ್ನ ಬಾಯಿಗೆ ಎಡಕ್ಕೆ, ಬಲಕ್ಕೆ, ನಿಧಾನ ಎಲ್ಲವೂ ಬಂದವು. ಹೇಳಲು ಅಲ್ಲಿ ಏನೂ ಇರಲಿಲ್ಲ. ಕಂಬವಿಲ್ಲ, ಹಸುವಿಲ್ಲ, ಸ್ಕೂಟರಿಲ್ಲ. ಮಂಜು ಅವಳನ್ನು ಒಂದೆರಡು ಸಲ ನುಂಗಿ ಮತ್ತೆ ಉಗುಳಿತು. ಹೆದರಿಕೆಗೆ ಮೈ ಬಿಸಿಯಾಗಿ ನಾನು ಹಳದಿ ಕೋಟು ಬಿಚ್ಚಿ ಕೈಯಲ್ಲಿ ಮುದುಡಿ ಹಿಡಿದುಕೊಂಡೆ.

ಏರಿನಲ್ಲಿ ಎರಡು ಸಲ ಬಿದ್ದಳು. ಮರಳು ಅವಳನ್ನು ಕೂರಿಸಿತು ಅಷ್ಟೇ, ಎದ್ದಳು. ತುದಿಯಲ್ಲಿ ಸೆರಗು ಫಟಫಟನೆ ಹಿಂದಕ್ಕೆ ಹಾರಿತು. ಗಾಳಿ ಮುಖಕ್ಕೆ ಹೊಡೆದಿರಬೇಕು. ಹೇಳಿದ ಮಾತಿನಂತೆ ನಿಂತಳು, ಕಡಲಿನ ಕಡೆ ಮುಖ ಮಾಡಿ. ಎಷ್ಟು ಹೊತ್ತು ನಿಂತಳೋ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅದರಲ್ಲೇ ಸುಖ ಕಾಣುತ್ತಿತ್ತು.

ಆಮೇಲೆ ತಿರುಗಿ, ಓಟದ ಪಂದ್ಯ ಶುರುಮಾಡುವವಳ ಹಾಗೆ ಕೈಯೆತ್ತಿ ಬೀಸಿದಳು. ನನ್ನ ಕಡೆಗಲ್ಲ.

ಎಡಕ್ಕೆ, ಬಹಳ ದೂರದಲ್ಲಿ, ಕಳೆ ಕೀಳುತ್ತಾ ಸಾಗಿದ್ದ ಹಳದಿ ಕೋಟುಗಳ ಕಡೆಗೆ ಬೀಸುತ್ತಿದ್ದಳು. ನಾನು ತೊಟ್ಟಿದ್ದದ್ದು ಮರಳಿನದೇ ಬಣ್ಣದ ಅಂಗಿ. ಹಳದಿ ಕೋಟು ನನ್ನ ಕೈಯಲ್ಲಿ ಮುದುಡಿಕೊಂಡಿತ್ತು. ಅವಳು ಹಳದಿಯನ್ನು ಹುಡುಕಿದ್ದಳು, ಸಿಕ್ಕಿದ ಹಳದಿಯನ್ನು ನಾನೆಂದುಕೊಂಡಿದ್ದಳು. ನಿಶಿಯೋ-ಸಾನ್ ಮತ್ತು ಅವರ ಜೊತೆಯವರು ಒಬ್ಬೊಬ್ಬರಾಗಿ ಸೊಂಟ ನೇರ ಮಾಡಿ ಎದ್ದರು. ಒಬ್ಬರು ಬೀಸಿದರು, ಇನ್ನೊಬ್ಬರು ಬೀಸಿದರು, ಆಮೇಲೆ ಎಲ್ಲರೂ ಹುಲ್ಲು ಹಿಡಿದ ಕೈಗಳನ್ನೇ ಎತ್ತಿ ಬೀಸಿದರು. ಅಕ್ಕ ನೇರ ಅವರ ಕಡೆಗೆ ಇಳಿಯತೊಡಗಿದಳು.

ಕೋಟಿಗೆ ತೋಳು ತೂರಿಸಿಕೊಂಡು ಓಡಿದೆ. ಮರಳಲ್ಲಿ ಓಡುವುದೆಂದರೆ ಕನಸಿನಲ್ಲಿ ಓಡಿದ ಹಾಗೆ, ಕಾಲು ಹೋಗುತ್ತದೆ, ಊರು ಬರುವುದಿಲ್ಲ. ಬಿದ್ದೆ, ಎದ್ದೆ, ಬಾಯ್ತುಂಬ ಮರಳು. ಅಕ್ಕ ಬಯಲಿಗೆ ಇಳಿಯುವ ಹೊತ್ತಿಗೆ ನಾನು ಆ ಸಾಲಿನ ಮುಂದೆ ನಿಂತು, ಏದುಸಿರು ಹೊರಗೆ ಕೇಳದ ಹಾಗೆ ಅಂಗೈಯಿಂದ ಬಾಯಿ ಒತ್ತಿಕೊಂಡಿದ್ದೆ. ನಿಶಿಯೋ-ಸಾನ್ ನನ್ನನ್ನೊಮ್ಮೆ ನೋಡಿ, ಏನೂ ಕಾಣದವರ ಹಾಗೆ ಕಳೆ ಕೀಳಲು ಬಗ್ಗಿದರು.

ಅಕ್ಕ ಬಂದು ನನ್ನ ಭುಜ ಮುಟ್ಟಿದಳು. ಮುಖ ಕೆಂಪಾಗಿತ್ತು, ಹುಬ್ಬಿನಲ್ಲೆಲ್ಲ ಮರಳು.

"ಮೇಲಿಂದ ಬಳೆಯೊಳಗೆ ನೀನೇ ಇದ್ದೆ ಕಣೇ. ಬೇರೆ ಏನೂ ಇರಲಿಲ್ಲ," ಎಂದಳು. ಆಮೇಲೆ ದನಿ ಬದಲಿಸಿ ಕೇಳಿದಳು, "ನಿಂತ ಜಾಗ ಬಿಟ್ಟು ಕದಲಲಿಲ್ಲ ತಾನೇ?"

"ಇಲ್ಲಕ್ಕಾ," ಎಂದೆ. "ಇಲ್ಲೇ ಇದ್ದೆ."

ಗಣಪನಿಗೆ ಒಂದು ಹಿಡಿ ಹುಲ್ಲನ್ನು ನಿಶಿಯೋ-ಸಾನ್ ಅವರೇ ಬೇರು ಕೊಡವಿ ಕೊಟ್ಟರು. ಬಸ್ಸಿನ ಕಡೆಗೆ ಅಕ್ಕ ಮುಂದೆ ನಡೆದಳು, ನಾನು ಹಿಂದೆ. ಮರಳು ಮುಗಿದು ಮೆಟ್ಟಿಲು ಶುರುವಾಗುವಲ್ಲಿ ಅವಳು ನಿಂತಳು. ನಾನು ಮೆಟ್ಟಿಲು ಎಂದು ಹೇಳಲಿಲ್ಲ. ಅವಳೇ ಕೈಯನ್ನು ಹಿಂದಕ್ಕೆ ಚಾಚಿದಳು.